ಮಾವನ ಮನೆಗೆ ಬರುವ ವಿದೇಶಿ ಅಳಿಯನಿಗೂ ಪೊಲೀಸ್ ನೋಂದಣಿ ಬೇಕಾ? 14 ದಿನದ ಲೆಕ್ಕ ಹೇಗೆ?

ಸಾಗರದ ಹುಡುಗಿ

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗ ಜಿಲ್ಲೆ ಸಾಗರದವಳು. ಓದಲು ಅಂತ ಜರ್ಮನಿಗೆ ಹೋಗಿ ಅಲ್ಲೇ ಕೆಲಸಕ್ಕೆ ಸೇರಿದೆ. ಹೋದ ವರ್ಷ ಅಲ್ಲಿಯವರನ್ನೇ ಮದುವೆಯಾದೆ. ಈಗ ಇಬ್ಬರೂ ಒಂದು ವರ್ಷದ ಮಟ್ಟಿಗೆ ಊರಿಗೆ ಬರುತ್ತಿದ್ದೇವೆ. ನನ್ನದು ಭಾರತದ ಪಾಸ್‌ಪೋರ್ಟ್. ಯಜಮಾನರದ್ದು ಜರ್ಮನಿಯದ್ದು. ಭಾರತೀಯಳ ಗಂಡ ಅನ್ನುವ ಆಧಾರದ ಮೇಲೆ ಅವರಿಗೆ ಒಂದು ವರ್ಷದ ಎಂಟ್ರಿ ವೀಸಾ ಸಿಕ್ಕಿದೆ, ಎಕ್ಸ್ ವೀಸಾ ಅಂತಾರಲ್ಲ, ಅದು. ಮೊದಲ ಎರಡು ಮೂರು ತಿಂಗಳು ಸಾಗರದಲ್ಲಿ ಅಪ್ಪನ ಮನೆಯಲ್ಲಿ ಇರುತ್ತೇವೆ. ಆಮೇಲೆ ಬೆಂಗಳೂರಿನಲ್ಲಿ ಬಾಡಿಗೆ ಮನೆ ನೋಡಬೇಕು.

ವೀಸಾ ಬಂದ ಖುಷಿ ಒಂದು ದಿನವೂ ಉಳಿಯಲಿಲ್ಲ. ನೆಂಟರೊಬ್ಬರು ಹೇಳುತ್ತಾರೆ, ಬಂದ ಮಾರನೇ ದಿನವೇ ಊರಿನ ಪೊಲೀಸ್ ಸ್ಟೇಷನ್‌ಗೆ ಕರೆದುಕೊಂಡು ಹೋಗಿ ಸಹಿ ಹಾಕಿಸಬೇಕು ಅಂತ. ಚಿಕ್ಕಪ್ಪ ಹೇಳುತ್ತಾರೆ, ಅದೆಲ್ಲ ಪಾಕಿಸ್ತಾನದವರಿಗೆ ಮಾತ್ರ, ಸುಮ್ನೆ ಇರು ಅಂತ. ಬೆಂಗಳೂರಿನ ಏಜೆಂಟ್ ಒಬ್ಬರು ಎಲ್ಲ ಮಾಡಿಸಿಕೊಡಲು ಹದಿನೈದು ಸಾವಿರ ಕೇಳಿದ್ದಾರೆ. ಅಪ್ಪನಿಗೆ ಬೇರೆಯೇ ಚಿಂತೆ. ಅಳಿಯ ಮೊದಲ ಸಲ ಮನೆಗೆ ಬರುವಾಗ ಬಾಗಿಲಿಗೆ ಪೊಲೀಸರು ಬಂದರೆ ಊರಿನವರು ಏನಂದುಕೊಳ್ಳುತ್ತಾರೆ ಅಂತ.

ಗೊತ್ತಿರುವವರು ದಯವಿಟ್ಟು ಹೇಳಿ. ಯಾರು ನೋಂದಣಿ ಮಾಡಿಸಬೇಕು? ಎಲ್ಲಿ? 14 ದಿನ ಅನ್ನುವುದು ಎಲ್ಲಿಂದ ಎಲ್ಲಿಗೆ?

ಬೆಂಗಳೂರು ಬಾಡಿಗೆದಾರ

ಸ್ವಾಗತ ಮೇಡಂ. ಗಂಡ ಹೆಂಡತಿ ಒಟ್ಟಿಗೆ ಬರುತ್ತಿದ್ದರೆ ಏನೂ ಬೇಡ ಅಂತ ಕೇಳಿದ್ದೇನೆ. ನನ್ನ ಆಫೀಸಿನಲ್ಲಿ ಒಬ್ಬರ ಹೆಂಡತಿ ಅಮೆರಿಕದವರು, ಅವರು ಯಾವ ನೋಂದಣಿಯನ್ನೂ ಮಾಡಿಸಿಲ್ಲ.

ನಿವೃತ್ತ ಗುಮಾಸ್ತ, ಮೈಸೂರು

ಮೇಲಿನ ಉತ್ತರವನ್ನು ನಂಬಿ ಕೂರಬೇಡಿ ಮಗಳೇ. ನಾನು ಕಾಲೇಜು ಕಚೇರಿಯಲ್ಲಿ ವಿದೇಶಿ ವಿದ್ಯಾರ್ಥಿಗಳ ಕಡತ ನೋಡಿಕೊಂಡಿದ್ದವನು. ಒಬ್ಬರಿಗೆ ಬೇಡ ಅಂದಿದ್ದು ಇನ್ನೊಬ್ಬರಿಗೂ ಬೇಡ ಅಂತ ಅಂದುಕೊಂಡೇ ಎಷ್ಟೋ ಮಕ್ಕಳು ತೊಂದರೆಗೆ ಸಿಕ್ಕಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಆ ಆಫೀಸಿನವರ ಹೆಂಡತಿಗೆ ಬಹುಶಃ ಓಸಿಐ ಕಾರ್ಡ್ ಇರುತ್ತದೆ, ಅಂದರೆ ಭಾರತ ಮೂಲದ ಅಥವಾ ಭಾರತೀಯರನ್ನು ಮದುವೆಯಾದ ವಿದೇಶಿಯರಿಗೆ ಕೊಡುವ ಸಾಗರೋತ್ತರ ಪ್ರಜೆಯ ಕಾರ್ಡ್. ಓಸಿಐ ಇದ್ದವರು ಎಷ್ಟು ದಿನ ಇದ್ದರೂ ವಿದೇಶಿಯರ ಪ್ರಾದೇಶಿಕ ನೋಂದಣಿ ಕಚೇರಿ, ಅಂದರೆ ಎಫ್‌ಆರ್‌ಆರ್‌ಒ ಕಚೇರಿಯಲ್ಲಿ ನೋಂದಣಿ ಮಾಡಿಸಬೇಕಿಲ್ಲ. ನಿಮ್ಮವರ ಕೈಯಲ್ಲಿ ಇರುವುದು ವೀಸಾ. ಅದರ ಲೆಕ್ಕವೇ ಬೇರೆ.

ಮೊದಲು ಒಂದು ಕೆಲಸ ಮಾಡಿ. ವೀಸಾ ಕಾಗದ ತೆಗೆದು ಕೆಳಗೆ ಷರಾ ಅಂತ ಏನು ಅಚ್ಚಾಗಿದೆ ನೋಡಿ. ಅಲ್ಲಿ ಎರಡರಲ್ಲಿ ಒಂದು ಇರುತ್ತದೆ. ಬಂದ 14 ದಿನದೊಳಗೆ ನೋಂದಣಿ ಮಾಡಿಸಬೇಕು ಅನ್ನುವುದು ಒಂದು. ಪ್ರತಿ ಸಲದ ವಾಸ 180 ದಿನ ಮೀರಬಾರದು, ನೋಂದಣಿ ಬೇಡ ಅನ್ನುವುದು ಇನ್ನೊಂದು. ನೆಂಟರ ಮಾತು, ಏಜೆಂಟರ ಮಾತು, ನನ್ನ ಮಾತು, ಎಲ್ಲಕ್ಕಿಂತ ಆ ಒಂದು ಸಾಲು ದೊಡ್ಡದು.

ಸಾಗರದ ಹುಡುಗಿ

ಈಗ ನೋಡಿದೆ ಸರ್. ಬಂದ 14 ದಿನದೊಳಗೆ ನೋಂದಣಿ ಕಡ್ಡಾಯ ಅಂತಲೇ ಇದೆ. ಸಣ್ಣ ಅಕ್ಷರದಲ್ಲಿ.

ನಿವೃತ್ತ ಗುಮಾಸ್ತ, ಮೈಸೂರು

ಹಾಗಾದರೆ ಚಿಕ್ಕಪ್ಪನವರ ಮಾತು ಬಿಟ್ಟುಬಿಡಿ. ಪಾಕಿಸ್ತಾನದ ಪ್ರಜೆಗಳಿಗೆ ಬಂದ 24 ಗಂಟೆಯೊಳಗೆ ಅನ್ನುವ ಬೇರೆ ನಿಯಮ ಇದೆ, ಅದನ್ನೇ ಅವರು ಕೇಳಿರಬೇಕು. ಉಳಿದ ದೇಶದವರಲ್ಲಿ 180 ದಿನಕ್ಕಿಂತ ಜಾಸ್ತಿ ಅವಧಿಯ ವೀಸಾದಲ್ಲಿ ಬರುವವರು, ಅಂದರೆ ಓದಲು, ಕೆಲಸಕ್ಕೆ, ಸಂಶೋಧನೆಗೆ, ಚಿಕಿತ್ಸೆಗೆ ಬರುವವರು, ನಿಮ್ಮವರ ಹಾಗೆ ಎಂಟ್ರಿ ವೀಸಾದವರು, ಸಾಮಾನ್ಯವಾಗಿ 14 ದಿನದೊಳಗೆ ಮಾಡಿಸಬೇಕು.

ಲೆಕ್ಕ ಶುರುವಾಗುವುದು ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟ್ ಮೇಲೆ ಬೀಳುವ ಮುದ್ರೆಯ ತಾರೀಖಿನಿಂದ. ಸಾಗರ ಮುಟ್ಟಿದ ದಿನದಿಂದ ಅಲ್ಲ. ವೀಸಾ ಕೊಟ್ಟ ದಿನದಿಂದಲೂ ಅಲ್ಲ. ಆ ಮುದ್ರೆ ಇರುವ ಪುಟದ ಫೋಟೊವನ್ನು ಅಲ್ಲೇ ನಿಂತು ತೆಗೆದುಕೊಳ್ಳಿ, ಅರ್ಜಿಗೆ ಬೇಕೇ ಬೇಕು. ಮುದ್ರೆ ಮಸುಕಾಗಿದ್ದರೆ ಕೌಂಟರ್‌ನಲ್ಲೇ ವಿನಯದಿಂದ ಇನ್ನೊಂದು ಸಲ ಹಾಕಿಕೊಡಿ ಅಂತ ಕೇಳಿ.

ಗೋಕುಲಂ ಮನೆಯವರು

ನಾನು ಮೈಸೂರಿನ ಗೋಕುಲಂನಲ್ಲಿ ಯೋಗ ಕಲಿಯಲು ಬರುವವರಿಗೆ ಮೇಲಿನ ಮನೆ ಬಾಡಿಗೆಗೆ ಕೊಡುತ್ತೇನೆ. ಎಲ್ಲರೂ 14 ದಿನ 14 ದಿನ ಅಂತೀರಿ. ಅದಕ್ಕಿಂತ ಮುಂಚೆ ಇನ್ನೊಂದಿದೆ, ಅದನ್ನು ಯಾರೂ ಹೇಳುತ್ತಿಲ್ಲ. ಫಾರಂ ಸಿ!

ಇದು ಬಂದವರು ತುಂಬುವುದಲ್ಲ. ಇಳಿಸಿಕೊಂಡವರು ತುಂಬುವುದು. ವಿದೇಶಿಯರು ಮನೆಗೆ ಬಂದ 24 ಗಂಟೆಯೊಳಗೆ ಅವರ ಹೆಸರು, ಪಾಸ್‌ಪೋರ್ಟ್, ವೀಸಾ, ಎಲ್ಲಿಂದ ಬಂದರು, ಎಷ್ಟು ದಿನ ಇರುತ್ತಾರೆ, ಎಲ್ಲವನ್ನೂ ಆನ್‌ಲೈನ್‌ನಲ್ಲಿ ಕಳಿಸಬೇಕು. ಹೋಟೆಲ್, ಲಾಡ್ಜ್, ಹಾಸ್ಟೆಲ್, ಧರ್ಮಶಾಲೆ, ಹೋಂಸ್ಟೇ ಎಲ್ಲದಕ್ಕೂ ಇದು ಅನ್ವಯ. ಸ್ವಂತ ಮನೆಗೂ ಅನ್ವಯ ಅಂತ ಜಾಸ್ತಿ ಜನಕ್ಕೆ ಗೊತ್ತೇ ಇಲ್ಲ. ಬಾಡಿಗೆ ತಗೊಳ್ಳುತ್ತೀರೋ ಇಲ್ಲವೋ ಅನ್ನುವುದು ಮುಖ್ಯ ಅಲ್ಲ. ಹಾಗಾಗಿ ಮೇಡಂ, ಸಾಗರದಲ್ಲಿ ಫಾರಂ ಸಿ ಕೊಡಬೇಕಾದವರು ನಿಮ್ಮ ಅಪ್ಪ.

ಸಾಗರದ ಹುಡುಗಿ

ಅಯ್ಯೋ, ಅಪ್ಪ ಅಡಿಕೆ ತೋಟ ಬಿಟ್ಟರೆ ಬೇರೆ ಕಡೆ ತಲೆ ಹಾಕದವರು. ಕಂಪ್ಯೂಟರ್ ಮುಟ್ಟಿದವರಲ್ಲ. ಅಳಿಯ ಮನೆಗೆ ಬಂದ ಅಂತ ಸರ್ಕಾರಕ್ಕೆ ಬರೆದುಕೊಡಬೇಕು ಅಂದರೆ ಅವರಿಗೆ ಹೇಗೆ ಹೇಳಲಿ?

ಗೋಕುಲಂ ಮನೆಯವರು

ಹೆದರಬೇಡಿ, ನನ್ನ ಅತ್ತೆಯವರೂ ಮೊದಲು ಹೀಗೇ ಗಾಬರಿಯಾಗಿದ್ದರು. ಖಾತೆ ಅಪ್ಪನ ಹೆಸರಲ್ಲಿ ಇರಲಿ, ಕೂತು ತುಂಬುವವರು ನೀವೇ ಆಗಬಹುದು.

ಆದರೆ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಖಾತೆಯನ್ನು ಈಗಲೇ, ಅವರು ವಿಮಾನ ಹತ್ತುವ ಮುಂಚೆಯೇ ಮಾಡಿಸಿ. ಎಫ್‌ಆರ್‌ಆರ್‌ಒ ಜಾಲತಾಣದಲ್ಲಿ ಮನೆ ಮಾಲೀಕರು ಮೊದಲು ತಮ್ಮ ವಿವರ, ವಿಳಾಸ, ಗುರುತಿನ ದಾಖಲೆ ಹಾಕಿ ಲಾಗಿನ್ ಕೇಳಬೇಕು. ಅದನ್ನು ಅಧಿಕಾರಿಗಳು ನೋಡಿ ಒಪ್ಪಿದ ಮೇಲೆ ತಾನೇ ಫಾರಂ ಸಿ ಹಾಕಲು ಆಗುವುದು. ಅತಿಥಿ ಬಂದು ಕಾಫಿ ಕುಡಿಯುವಾಗ ಖಾತೆ ತೆರೆಯಲು ಕೂತರೆ 24 ಗಂಟೆ ಎಲ್ಲಿ ಸಾಕಾಗುತ್ತದೆ? ಒಪ್ಪಿಗೆ ಮೊದಲೇ ಬಂದಿದ್ದರೆ ಆಮೇಲೆ ಫಾರಂ ತುಂಬುವುದು ಹತ್ತು ನಿಮಿಷದ ಕೆಲಸ. ಕೊನೆಯಲ್ಲಿ ಸಿಗುವ ಪ್ರತಿಯನ್ನು ಪಿಡಿಎಫ್ ಮಾಡಿ ಇಟ್ಟುಕೊಳ್ಳಿ. ನೋಂದಣಿ ಅರ್ಜಿಗೆ ಅದನ್ನೇ ಲಗತ್ತಿಸಬೇಕು. ಫಾರಂ ಸಿ ಇಲ್ಲ ಅಂದರೆ ಅಳಿಯನ ಅರ್ಜಿ ಅಲ್ಲೇ ನಿಲ್ಲುತ್ತದೆ.

ವಕೀಲಿ ಓದು

ಹಿನ್ನೆಲೆ ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ಅಂತರ್ಜಾಲದಲ್ಲಿ ಹಳೆಯ ಮಾಹಿತಿಯೇ ತುಂಬಿದೆ. ಇಷ್ಟು ವರ್ಷ ಇದೆಲ್ಲ ನಡೆಯುತ್ತಿದ್ದದ್ದು 1939ರ ವಿದೇಶಿಯರ ನೋಂದಣಿ ಕಾಯ್ದೆ ಮತ್ತು 1946ರ ವಿದೇಶಿಯರ ಕಾಯ್ದೆಯ ಕೆಳಗೆ. ಎರಡೂ ಬ್ರಿಟಿಷರ ಕಾಲದವು. ಅವುಗಳನ್ನೂ 1920ರ ಪಾಸ್‌ಪೋರ್ಟ್ ಕಾಯ್ದೆಯನ್ನೂ 2000ದ ಇನ್ನೊಂದು ಕಾಯ್ದೆಯನ್ನೂ ತೆಗೆದುಹಾಕಿ ಸಂಸತ್ತು 2025ರಲ್ಲಿ ವಲಸೆ ಮತ್ತು ವಿದೇಶಿಯರ ಕಾಯ್ದೆ ತಂದಿತು. 2025ರ ಸೆಪ್ಟೆಂಬರ್ 1ರಿಂದ ಅದು ಜಾರಿಯಲ್ಲಿದೆ. ಹೊಸ ನಿಯಮಗಳೂ ಬಂದಿವೆ, ಫಾರಂಗಳ ಹೆಸರೂ ಬದಲಾಗಿದೆ. ಬಾಯಿಮಾತಿನಲ್ಲಿ ಮಾತ್ರ ಈಗಲೂ ಫಾರಂ ಸಿ.

ಹೊಸ ಕಾಯ್ದೆಯಲ್ಲಿ ಗಮನಿಸಬೇಕಾದ್ದು, ಮನೆ ಕೊಟ್ಟವರು, ಶಿಕ್ಷಣ ಸಂಸ್ಥೆಗಳು, ಆಸ್ಪತ್ರೆಗಳು ಮಾಹಿತಿ ಕೊಡಬೇಕಾದ ಹೊಣೆಯನ್ನು ಕಾಯ್ದೆಯಲ್ಲೇ ಬರೆದಿದ್ದಾರೆ. ವೀಸಾ ಅವಧಿ ಮೀರಿ ಉಳಿದರೆ, ಷರತ್ತು ಮುರಿದರೆ 3 ವರ್ಷದವರೆಗೆ ಜೈಲು, 3 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಹೆದರಿಸಲು ಹೇಳುತ್ತಿಲ್ಲ. ಒಂದೆರಡು ದಿನ ತಡವಾದವರನ್ನೆಲ್ಲ ಜೈಲಿಗೆ ಹಾಕುತ್ತಾರೆ ಅಂತಲೂ ಅಲ್ಲ. ಆದರೆ "ಏನಾಗುತ್ತೆ ಬಿಡಿ" ಅನ್ನುವ ಮಾತಿಗೆ ಇದು ಉತ್ತರ.

ಬೆಂಗಳೂರು ಬಾಡಿಗೆದಾರ

ಓಸಿಐ ವಿಷಯ ನನಗೆ ಗೊತ್ತಿರಲಿಲ್ಲ, ತಿಳಿಸಿದ್ದಕ್ಕೆ ಥ್ಯಾಂಕ್ಸ್ ಸರ್. ಹಾಗಾದರೆ ಮೇಡಂ ಯಾವ ಕಚೇರಿಗೆ ಹೋಗಬೇಕು? ಬೆಂಗಳೂರಿನದ್ದು ಶಾಂತಿನಗರ ಬಸ್ ನಿಲ್ದಾಣದ ಮೇಲೆ ಇದೆ ಅಲ್ವಾ, ಕೆ.ಎಚ್. ರಸ್ತೆಯಲ್ಲಿ?

ನಿವೃತ್ತ ಗುಮಾಸ್ತ, ಮೈಸೂರು

ಹೌದು, ಬೆಂಗಳೂರಿನ ಎಫ್‌ಆರ್‌ಆರ್‌ಒ ಅಂದರೆ ಶಾಂತಿನಗರದ ಬಿಎಂಟಿಸಿ ಕಟ್ಟಡವೇ. ಕೇಂದ್ರ ಗೃಹ ಸಚಿವಾಲಯದ ವಲಸೆ ವಿಭಾಗದ ಕೆಳಗೆ ಬರುವ ಕಚೇರಿ. ಎಫ್‌ಆರ್‌ಆರ್‌ಒ ಇಲ್ಲದ ಜಿಲ್ಲೆಗಳಲ್ಲಿ ಜಿಲ್ಲಾ ಎಸ್‌ಪಿಯವರೇ ವಿದೇಶಿಯರ ನೋಂದಣಿ ಅಧಿಕಾರಿ. ಹಾಗಾಗಿ ಊರಿನ ಠಾಣೆಗೆ ಹೋಗಿ ಸಹಿ ಹಾಕಿಸುವುದು ಅಂತ ನೆಂಟರು ಹೇಳಿದರಲ್ಲ, ಅದು ನೋಂದಣಿ ಅಲ್ಲ.

ಮತ್ತು ಈಗ ಮೊದಲಿನ ಹಾಗೆ ಬೆಳಗ್ಗೆಯೇ ಹೋಗಿ ಸಾಲಿನಲ್ಲಿ ನಿಲ್ಲಬೇಕಿಲ್ಲ. 2018ರಲ್ಲಿ ಆನ್‌ಲೈನ್‌ನಲ್ಲೇ ಅರ್ಜಿ ಹಾಕುವ ಇ-ಎಫ್‌ಆರ್‌ಆರ್‌ಒ ಬಂತು. ಬೆಂಗಳೂರು, ಚೆನ್ನೈ, ದೆಹಲಿ, ಮುಂಬೈ ಈ ನಾಲ್ಕು ಕಡೆ ಮೊದಲು ಶುರುವಾಗಿದ್ದು. ಅದಕ್ಕೆ ಮುಂಚಿನ ದಿನಗಳನ್ನು ನೆನೆಸಿಕೊಂಡರೆ ಈಗಲೂ ಬೇಸರ ಆಗುತ್ತದೆ. ಭಾಷೆ ಬರದ ಮಕ್ಕಳು, ಊರಿಗೆ ಬಂದು ವಾರ ಆಗಿರುವುದಿಲ್ಲ, ಕೈಯಲ್ಲಿ ಕಾಗದದ ಕಟ್ಟು ಹಿಡಿದು ನಿಂತಿರುತ್ತಿದ್ದರು. ಒಂದು ಜೆರಾಕ್ಸ್ ಕಡಿಮೆ ಅಂತ ವಾಪಸ್ ಬರುತ್ತಿದ್ದರು. ನಾಳೆ ಬಾ ಅನ್ನುವುದು ಹೇಳುವವರಿಗೆ ಸುಲಭ. ಆ ಮಗುವಿಗೆ ಒಂದು ದಿನದ ಪಾಠ ಹೋಯಿತು, ಆಟೊ ದುಡ್ಡು ಹೋಯಿತು.

ಈಗ ಅರ್ಜಿದಾರರೇ ತಮ್ಮ ಇ-ಮೇಲ್‌ನಲ್ಲಿ ಖಾತೆ ತೆರೆದು ಅರ್ಜಿ ಹಾಕಬಹುದು. ವಾಸದ ವಿಳಾಸ ಹಾಕಿದಾಗ ಅದು ಯಾವ ಕಚೇರಿಗೆ ಸೇರಬೇಕೋ ಅಲ್ಲಿಗೆ ಹೋಗುತ್ತದೆ. ಏನಾದರೂ ಕಡಿಮೆ ಇದ್ದರೆ ಅಲ್ಲೇ ಕೇಳುತ್ತಾರೆ, ಅಪ್‌ಲೋಡ್ ಮಾಡಿದರೆ ಆಯಿತು. ಎಲ್ಲ ಸರಿ ಇದ್ದರೆ ನೋಂದಣಿ ಪತ್ರ ಇ-ಮೇಲ್‌ಗೇ ಬರುತ್ತದೆ. ಅವರಾಗಿಯೇ ಕರೆದರೆ ಮಾತ್ರ ಕಚೇರಿಗೆ ಹೋಗಬೇಕು.

ಮಣಿಪಾಲ ಸೀನಿಯರ್

ಏಜೆಂಟ್ ವಿಷಯಕ್ಕೆ ಬರುತ್ತೇನೆ. ದಯವಿಟ್ಟು ಬೇಡ ಅಕ್ಕ. ಶುಲ್ಕ ಏನಾದರೂ ಇದ್ದರೆ ಅದೇ ಜಾಲತಾಣದಲ್ಲಿ ಆನ್‌ಲೈನ್ ಕಟ್ಟುವುದು. ಇನ್ನು ಆ ಹದಿನೈದು ಸಾವಿರ ಯಾವುದಕ್ಕೆ?

ನಾನು ನೋಡಿದ ಒಂದು ಸಂಗತಿ ಹೇಳುತ್ತೇನೆ. ನಮ್ಮ ಜೊತೆ ಓದುತ್ತಿದ್ದ ಆಫ್ರಿಕಾದ ಹುಡುಗನೊಬ್ಬ ಏಜೆಂಟ್ ಹತ್ತಿರ ಎಲ್ಲ ಕೊಟ್ಟಿದ್ದ. ಏಜೆಂಟ್ ತನ್ನ ಇ-ಮೇಲ್ ಹಾಕಿ ಖಾತೆ ತೆರೆದಿದ್ದ. ಕಚೇರಿಯಿಂದ ಇನ್ನೊಂದು ದಾಖಲೆ ಬೇಕು ಅಂತ ಕೇಳಿದ ಸಂದೇಶ ಹುಡುಗನಿಗೆ ತಲುಪಲೇ ಇಲ್ಲ. ಏಜೆಂಟ್ ಫೋನ್ ಎತ್ತುತ್ತಿರಲಿಲ್ಲ. ಆಮೇಲೆ ಕಾಲೇಜಿನ ಕಚೇರಿಯವರೇ ಮುಂದೆ ನಿಂತು ಸರಿಮಾಡಿಸಿದರು. ತಪ್ಪು ಆ ಹುಡುಗನದ್ದಲ್ಲ, ಆದರೆ ವಾರಗಟ್ಟಲೆ ನಿದ್ದೆಗೆಟ್ಟವನು ಅವನೇ. ಖಾತೆ ಯಾವಾಗಲೂ ನಿಮ್ಮ ಇ-ಮೇಲ್‌ನಲ್ಲಿ, ನಿಮ್ಮ ಕೈಯಲ್ಲೇ ಇರಲಿ.

ಡಲ್ಲಾಸಿಂದ ವಾಪಸ್

ಇದೇ ಹೊತ್ತಿಗೆ ನನ್ನದೊಂದು ಪ್ರಶ್ನೆ ಸೇರಿಸಲಾ? ಮಕ್ಕಳಿಬ್ಬರೂ ಅಮೆರಿಕದ ಪ್ರಜೆಗಳು, ಓಸಿಐ ಇದೆ. ನನ್ನ ಅಮ್ಮನೂ ಅಲ್ಲಿ ಪೌರತ್ವ ತಗೊಂಡಿದ್ದಾರೆ, ಅವರು ಮಾತ್ರ ಇ-ಟೂರಿಸ್ಟ್ ವೀಸಾದಲ್ಲಿ ಬರುತ್ತಿದ್ದಾರೆ. ನಾಲ್ಕು ತಿಂಗಳು ಇರುತ್ತಾರೆ.

ವಕೀಲಿ ಓದು

ಮಕ್ಕಳಿಗೆ ನೋಂದಣಿ ಬೇಡ. ಅಮ್ಮನಿಗೂ ಬೇಡ. ಇ-ಟೂರಿಸ್ಟ್‌ನಲ್ಲಿ ಅಮೆರಿಕದವರು ಒಂದು ಸಲಕ್ಕೆ 180 ದಿನದವರೆಗೆ ಇರಬಹುದು. ಆ ಗಡಿ ದಾಟಬಾರದು, ಅಷ್ಟೇ. ಮನೆಯವರು ಫಾರಂ ಸಿ ಹಾಕುವುದು ಮಾತ್ರ ಮರೆಯಬೇಡಿ. ಟೂರಿಸ್ಟ್ ವೀಸಾಕ್ಕೂ ಅದು ಇದೆ.

ಇನ್ನೊಂದು ಗೊಂದಲ ಈಚೆಗೆ ಜಾಸ್ತಿ ಕೇಳಿಬರುತ್ತಿದೆ. 2025ರ ಅಕ್ಟೋಬರ್ 1ರಿಂದ ವಿದೇಶಿಯರು ವಿಮಾನ ಇಳಿಯುವ ಮುಂಚೆಯೇ ಆನ್‌ಲೈನ್‌ನಲ್ಲಿ ಇ-ಅರೈವಲ್ ಕಾರ್ಡ್ ತುಂಬುವ ಪದ್ಧತಿ ಬಂದಿದೆ. ಅದನ್ನು ತುಂಬಿದರೆ ನೋಂದಣಿಯೂ ಆಯಿತು ಅಂತ ಕೆಲವರು ಅಂದುಕೊಂಡಿದ್ದಾರೆ. ಅಲ್ಲ. ಹಿಂದೆ ವಿಮಾನದಲ್ಲಿ ಕೊಡುತ್ತಿದ್ದ ಸಣ್ಣ ಚೀಟಿಯ ಬದಲಿಗೆ ಬಂದಿದ್ದು ಅದು.

ಮ್ಯೂನಿಕ್ ಕನ್ನಡಿಗ

ಸಾಗರದ ಅಕ್ಕನಿಗೆ ಒಂದು ಸಮಾಧಾನದ ಮಾತು. ನಿಮ್ಮ ಯಜಮಾನರಿಗೆ ಇದೇನೂ ಹೊಸದಲ್ಲ. ಜರ್ಮನಿಯಲ್ಲಿ ಮನೆ ಬದಲಾಯಿಸಿದ ಎರಡು ವಾರದೊಳಗೆ ನಗರದ ಕಚೇರಿಗೆ ಹೋಗಿ ವಿಳಾಸ ನೋಂದಣಿ ಮಾಡಿಸಬೇಕು ಅಲ್ವಾ? ಅದು ಪೊಲೀಸ್ ಕಚೇರಿ ಅಲ್ಲ, ವಿದೇಶಿಯರಿಗೆ ಮಾತ್ರವೂ ಅಲ್ಲ. ಜರ್ಮನ್ನರೂ ಮಾಡಿಸಲೇಬೇಕು. 2015ರ ನವೆಂಬರ್‌ನಿಂದ ಮನೆ ಮಾಲೀಕರು ಸಹಿ ಹಾಕಿದ ಪತ್ರವೂ ಬೇಕು. ಈ ಕಾಗದಕ್ಕೆ ಇಲ್ಲಿಗೆ ಹೊಸದಾಗಿ ಬರುವ ನಮ್ಮ ಹುಡುಗರು ಎಷ್ಟು ಪರದಾಡುತ್ತಾರೆ ಅಂತ ನಿಮಗೇ ಗೊತ್ತು. ಕೆಲವು ಮಾಲೀಕರು ಮನೆ ಕೊಡುತ್ತಾರೆ, ಸಹಿ ಮಾತ್ರ ಕೊಡುವುದಿಲ್ಲ.

ಮಿಲಾನೊ ವಿದ್ಯಾರ್ಥಿನಿ

ಇಟಲಿಯಲ್ಲಿ ನಿಜವಾಗಿಯೂ ಪೊಲೀಸರ ಹತ್ತಿರವೇ ಹೋಗಬೇಕು. ದೀರ್ಘಾವಧಿ ವೀಸಾದಲ್ಲಿ ಬಂದವರು 8 ಕೆಲಸದ ದಿನಗಳೊಳಗೆ ವಾಸದ ಪರವಾನಗಿಗೆ ಅರ್ಜಿ ಹಾಕಬೇಕು. ಅರ್ಜಿಯ ಲಕೋಟೆ ಸಿಗುವುದು ಅಂಚೆ ಕಚೇರಿಯಲ್ಲಿ. ತುಂಬಿ, 16 ಯೂರೊ ಸ್ಟ್ಯಾಂಪ್ ಅಂಟಿಸಿ, ಅಲ್ಲೇ ಕೊಟ್ಟರೆ ರಸೀದಿ ಕೊಡುತ್ತಾರೆ. ಆಮೇಲೆ ಕ್ವೆಸ್ತೂರಾ ಅಂತ ಕರೆಯುವ ಪೊಲೀಸ್ ಕೇಂದ್ರ ಕಚೇರಿಗೆ ಹೋಗಿ ಬೆರಳಚ್ಚು ಕೊಡಬೇಕು. ಕಾರ್ಡ್ ಕೈಗೆ ಬರಲು ತಿಂಗಳುಗಟ್ಟಲೆ ಆಗುತ್ತದೆ, ಅಲ್ಲಿಯವರೆಗೆ ಆ ಅಂಚೆ ರಸೀದಿಯೇ ನಮ್ಮ ಆಧಾರ. ಕಳೆದುಕೊಂಡರೆ ಕಷ್ಟ. ಅಲ್ಲೂ ವಿದೇಶಿಯರನ್ನು ಇಳಿಸಿಕೊಂಡ ಮನೆಯವರು 48 ಗಂಟೆಯೊಳಗೆ ಪೊಲೀಸರಿಗೆ ತಿಳಿಸಬೇಕು. ನನ್ನ ಮನೆಯ ಅಜ್ಜಿ ಅದನ್ನು ಮೊದಲ ದಿನವೇ ಮಾಡಿದ್ದರು. ಅಷ್ಟೊಂದು ನೆಮ್ಮದಿ ಆಯಿತು ನನಗೆ.

ವಕೀಲಿ ಓದು

ಬ್ರಿಟನ್ನಿನಲ್ಲೂ ಕೆಲವು ದೇಶಗಳವರು ಬಂದ 7 ದಿನದೊಳಗೆ ಪೊಲೀಸರಲ್ಲಿ ನೋಂದಣಿ ಮಾಡಿಸಿ 34 ಪೌಂಡ್ ಕಟ್ಟುವ ಪದ್ಧತಿ ಇತ್ತು. ಭಾರತ ಆ ಪಟ್ಟಿಯಲ್ಲಿ ಇರಲಿಲ್ಲ, ಅದಕ್ಕೇ ನಮ್ಮವರಿಗೆ ಗೊತ್ತಿಲ್ಲ. 2022ರ ಆಗಸ್ಟ್‌ನಲ್ಲಿ ಆ ಪದ್ಧತಿಯನ್ನೇ ನಿಲ್ಲಿಸಿದರು. ಹಳೆಯ ವೀಸಾ ಪತ್ರದಲ್ಲಿ ಆ ಷರತ್ತು ಅಚ್ಚಾಗಿದ್ದರೂ ಪಾಲಿಸಬೇಕಿಲ್ಲ ಅಂತ ಹೇಳಿದರು.

ನಿವೃತ್ತ ಗುಮಾಸ್ತ, ಮೈಸೂರು

ಮಿಲಾನೊ ಮಗಳು ಹೇಳಿದ ಆ ಅಜ್ಜಿಯ ವಿಷಯ ಓದಿ ಮನಸ್ಸಿಗೆ ತಟ್ಟಿತು. ನಾನು ಇಷ್ಟು ಹೊತ್ತು ಹೇಳಲು ನೋಡುತ್ತಿದ್ದದ್ದೂ ಅದನ್ನೇ.

ನಮ್ಮಲ್ಲಿ ವಿದೇಶಿ ಮಕ್ಕಳಿಗೆ ಮನೆ ಕೊಡಲು ಹಿಂಜರಿಯುವವರು ತುಂಬ ಜನ. ಕಾರಣ ಕೇಳಿದರೆ "ಪೊಲೀಸ್ ತಾಪತ್ರಯ" ಅಂತಾರೆ. ಕೊಟ್ಟವರಲ್ಲೂ ಕೆಲವರು ಬಾಡಿಗೆ ಜಾಸ್ತಿ ಕೇಳುತ್ತಾರೆ, ಕರಾರು ಪತ್ರ ಮಾಡಿಕೊಡುವುದಿಲ್ಲ, ಫಾರಂ ಸಿ ಹಾಕುವುದಿಲ್ಲ. ಕರಾರು ಇಲ್ಲದೆ, ಫಾರಂ ಸಿ ಇಲ್ಲದೆ ಆ ಹುಡುಗ ನೋಂದಣಿ ಹೇಗೆ ಮಾಡಿಸಬೇಕು? 14 ದಿನ ಅವನಿಗಾಗಿ ಕಾಯುವುದಿಲ್ಲ. ತಡವಾಯಿತು ಅಂತ ದಂಡ ಬೀಳುವುದು ಅವನಿಗೆ. ಮುಂದೆ ವೀಸಾ ವಿಸ್ತರಣೆಗೆ ಹೋದಾಗ ಪ್ರಶ್ನೆ ಕೇಳುವುದೂ ಅವನನ್ನೇ. ಹತ್ತು ನಿಮಿಷದ ಕೆಲಸವನ್ನು ನಾವು ಮಾಡದೆ ಬಿಟ್ಟರೆ ದೂರದ ಊರಿಂದ ಓದಲು ಬಂದ ಮಗು ಅದಕ್ಕೆ ಬೆಲೆ ತೆರುತ್ತದೆ. ಇದು ನನಗೆ ಸರಿ ಅನ್ನಿಸುವುದಿಲ್ಲ.

ಮನೆ ಕೊಡುವವರು ಈ ಚರ್ಚೆ ಓದುತ್ತಿದ್ದರೆ ಕೈಮುಗಿದು ಕೇಳುತ್ತೇನೆ. ಬಾಡಿಗೆ ಮಾತಾಡುವ ದಿನವೇ ಫಾರಂ ಸಿ ನಾನು ಹಾಕುತ್ತೇನೆ ಅಂತ ನೀವಾಗಿಯೇ ಹೇಳಿ. ಕೇಳಲು ಆ ಮಕ್ಕಳಿಗೆ ಸಂಕೋಚ ಇರುತ್ತದೆ.

ಬೆಂಗಳೂರು ಬಾಡಿಗೆದಾರ

ಇದು ಪೂರ್ತಿ ನಿಜ ಸರ್. ನಮ್ಮ ಕಟ್ಟಡದಲ್ಲೇ ಕೇಳಿದ್ದೇನೆ. "ಅವರಿಗೆ ಕೊಟ್ಟರೆ ಸ್ಟೇಷನ್‌ಗೆ ಅಲೆಯಬೇಕು" ಅಂತ. ಆನ್‌ಲೈನ್ ಅಂತ ಗೊತ್ತಾದರೆ ಅರ್ಧ ಭಯ ಹೋಗುತ್ತದೆ.

ಮಣಿಪಾಲ ಸೀನಿಯರ್

ವಿದ್ಯಾರ್ಥಿಗಳಿಗೆ ಇನ್ನೊಂದು ಇದೆ. ಕಾಲೇಜಿನವರೂ ಪ್ರತಿ ವಿದೇಶಿ ವಿದ್ಯಾರ್ಥಿಯ ವಿವರವನ್ನು ಎಫ್‌ಆರ್‌ಆರ್‌ಒಗೆ ಕೊಡಬೇಕು. ಇದನ್ನು ಫಾರಂ ಎಸ್ ಅಂತಿದ್ದರು. ನೋಂದಣಿ ಅರ್ಜಿಗೆ ಕಾಲೇಜಿನ ಬೋನಾಫೈಡ್ ಪತ್ರವೂ ಬೇಕು. ಹಾಸ್ಟೆಲ್‌ನಲ್ಲಿ ಇದ್ದರೆ ಫಾರಂ ಸಿಯನ್ನು ಹಾಸ್ಟೆಲ್‌ನವರೇ ಹಾಕುತ್ತಾರೆ. ಹೊರಗೆ ಮನೆ ಮಾಡಿದವರೇ ಜಾಸ್ತಿ ಒದ್ದಾಡುವುದು. ಒಂದು ಕಾಲೇಜಿನ ಹೆಸರಲ್ಲಿ ವೀಸಾ ತಗೊಂಡು ಬಂದು ಇನ್ನೊಂದಕ್ಕೆ ಸುಮ್ನೆ ಹೋಗಿ ಸೇರುವ ಹಾಗಿಲ್ಲ. ಮೊದಲು ಅನುಮತಿ ತಗೊಳ್ಳಬೇಕು.

ಸಾಗರದ ಹುಡುಗಿ

ಎಲ್ಲರಿಗೂ ತುಂಬ ಧನ್ಯವಾದ. ಅಪ್ಪನ ಹತ್ತಿರ ಫೋನಿನಲ್ಲಿ ಮಾತಾಡಿದೆ. ಪೊಲೀಸರು ಮನೆಗೆ ಬರುವುದು ಅಂತಲ್ಲ, ನಮ್ಮ ಮನೆಯಲ್ಲಿ ಇಂಥವರು ಇದ್ದಾರೆ ಅಂತ ನಾವೇ ತಿಳಿಸುವುದು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನನ್ನ ಹೆಸರಲ್ಲೇ ಹಾಕು" ಅಂದರು.

ಈಗ ದಾಖಲೆಗಳು. ನಮ್ಮದು ಸ್ವಂತ ಮನೆ, ಬಾಡಿಗೆ ಕರಾರು ಎಲ್ಲಿಂದ ತರಲಿ? ಬೇರೆ ಏನೇನು ಬೇಕು?

ಗೋಕುಲಂ ಮನೆಯವರು

ಬಾಡಿಗೆ ಮನೆಗೆ ಕರಾರು. ಸ್ವಂತ ಮನೆಗೆ ಅಪ್ಪನ ಹೆಸರಿನ ಕರೆಂಟ್ ಬಿಲ್ ಸಾಕು. ನಿಮ್ಮ ಕಡೆ ಮೆಸ್ಕಾಂ ಅಲ್ವಾ, ಈಚಿನ ತಿಂಗಳದ್ದು ಇರಲಿ. ಅದರ ಜೊತೆ ಅಪ್ಪನ ಗುರುತಿನ ದಾಖಲೆ, ಮತ್ತು "ನನ್ನ ಅಳಿಯ ಇಂಥ ದಿನದಿಂದ ನಮ್ಮ ಮನೆಯಲ್ಲಿ ಇದ್ದಾರೆ" ಅಂತ ಸಹಿ ಮಾಡಿದ ಒಂದು ಪತ್ರ ಮಾಡಿಟ್ಟುಕೊಳ್ಳಿ.

ಯಜಮಾನರದ್ದು ಪಾಸ್‌ಪೋರ್ಟಿನ ಫೋಟೊ ಇರುವ ಪುಟ, ವೀಸಾ ಪುಟ, ಬಂದ ಮುದ್ರೆಯ ಪುಟ, ಬಿಳಿ ಹಿನ್ನೆಲೆಯ ಫೋಟೊ, ಫಾರಂ ಸಿ ಪ್ರತಿ. ನಿಮ್ಮ ಮದುವೆ ಪ್ರಮಾಣಪತ್ರ, ನಿಮ್ಮ ಪಾಸ್‌ಪೋರ್ಟ್. ಪ್ರಮಾಣಪತ್ರ ಜರ್ಮನ್ ಭಾಷೆಯಲ್ಲಿ ಇದ್ದರೆ ಇಂಗ್ಲಿಷ್ ಅನುವಾದವನ್ನು ಅಲ್ಲಿಂದಲೇ ಮಾಡಿಸಿಕೊಂಡು ಬನ್ನಿ. ಇಲ್ಲಿಗೆ ಬಂದ ಮೇಲೆ ಜರ್ಮನ್ ಅನುವಾದಕರನ್ನು ಹುಡುಕುವುದರಲ್ಲೇ ದಿನ ಹೋಗುತ್ತದೆ.

ಹೆಸರು ಎಲ್ಲ ಕಡೆ ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಇರಲಿ. ಮೊದಲ ಹೆಸರು, ನಡುವಿನ ಹೆಸರು, ಮನೆತನದ ಹೆಸರು, ಯಾವುದನ್ನೂ ಬಿಡಬೇಡಿ. ಫಾರಂ ಸಿಯಲ್ಲಿ ಒಂದು ಥರ, ಅರ್ಜಿಯಲ್ಲಿ ಇನ್ನೊಂದು ಥರ ಇದ್ದರೆ ಮತ್ತೆ ಕೇಳುತ್ತಾರೆ.

ವಕೀಲಿ ಓದು

ಮುಂದಿನ ದಾರಿಯನ್ನೂ ಈಗಲೇ ಯೋಚಿಸಿ. ಮದುವೆ ನೋಂದಣಿಯಾಗಿ 2 ವರ್ಷ ಸತತವಾಗಿ ಮುಂದುವರಿದಿದ್ದರೆ ಭಾರತೀಯರ ಗಂಡ ಅಥವಾ ಹೆಂಡತಿಯಾದ ವಿದೇಶಿಯರು ಓಸಿಐ ಕೇಳಬಹುದು. ಪಾಕಿಸ್ತಾನ, ಬಾಂಗ್ಲಾದೇಶದ ಹಿನ್ನೆಲೆಯವರಿಗೆ ಅದು ಇಲ್ಲ. ಓಸಿಐ ಬಂದರೆ ನೋಂದಣಿಯ ಈ ಓಡಾಟ ಇರುವುದಿಲ್ಲ. ವಿಳಾಸ ಬದಲಾದಾಗ ತಿಳಿಸುವುದು ಆಗಲೂ ಇದೆ.

ಕುಶಾಲನಗರ

ಸಂಬಂಧ ಇದೆಯೋ ಇಲ್ಲವೋ, ಒಂದು ಮಾತು ಹೇಳಿಬಿಡುತ್ತೇನೆ. ವಿದೇಶಿ ನೆಂಟರು ಬಂದರೆ ಎಲ್ಲರೂ ಕೊಡಗಿನ ಕಡೆ ಕರೆದುಕೊಂಡು ಬರುತ್ತಾರೆ, ಬೈಲಕುಪ್ಪೆಯ ಬೌದ್ಧ ದೇವಾಲಯ ತೋರಿಸುತ್ತಾರೆ. ನೋಡಿಕೊಂಡು ಹೋಗುವುದು ಬೇರೆ, ಅಲ್ಲಿ ಉಳಿಯುವುದು ಬೇರೆ. ಟಿಬೆಟನ್ನರ ಶಿಬಿರದೊಳಗೆ ವಿದೇಶಿಯರು ರಾತ್ರಿ ಉಳಿಯಬೇಕಾದರೆ ಗೃಹ ಸಚಿವಾಲಯದ ವಿಶೇಷ ಅನುಮತಿ ಬೇಕು. ಮುಂಡಗೋಡಿನ ಶಿಬಿರಕ್ಕೂ ಹಾಗೇ. ಸಾಗರದಿಂದ ಮುಂಡಗೋಡು ದೂರವೇನಲ್ಲ, ಅದಕ್ಕೇ ಹೇಳಿದೆ.

ಸಾಗರದ ಹುಡುಗಿ

ಒಳ್ಳೆಯದಾಯಿತು ಅಣ್ಣ, ಮುಂಡಗೋಡಿಗೆ ಹೋಗುವ ಆಸೆ ನಿಜವಾಗಿಯೂ ಇತ್ತು. ಹಗಲಲ್ಲೇ ಹೋಗಿ ಬರುತ್ತೇವೆ.

ಅಪ್ಪನ ಖಾತೆಗೆ ಇವತ್ತು ಅರ್ಜಿ ಹಾಕಿದೆ. ಎರಡು ಸಂದೇಹ ಉಳಿದಿವೆ. ಸಾಗರದ ವಿಳಾಸದಲ್ಲಿ ನೋಂದಣಿ ಆದ ಮೇಲೆ ಬೆಂಗಳೂರಿಗೆ ಹೋದರೆ ಎಲ್ಲ ಮೊದಲಿಂದ ಮಾಡಬೇಕಾ? ನಡುವೆ ನಾಲ್ಕು ದಿನ ಹಂಪಿಗೋ ಉಡುಪಿಗೋ ಹೋದರೆ?

ನಿವೃತ್ತ ಗುಮಾಸ್ತ, ಮೈಸೂರು

ಮೊದಲಿಂದ ಬೇಡ. ಬೆಂಗಳೂರಿನ ಮನೆಗೆ ಸೇರಿದ ದಿನ ಆ ಮಾಲೀಕರು ಹೊಸ ಫಾರಂ ಸಿ ಹಾಕಬೇಕು. ಸಾಗರದಿಂದ ಹೊರಟಿದ್ದನ್ನು ಅಪ್ಪನ ಖಾತೆಯಲ್ಲಿ ನಮೂದಿಸಿ. ಆಮೇಲೆ ಇ-ಎಫ್‌ಆರ್‌ಆರ್‌ಒದಲ್ಲಿ ನಿಮ್ಮವರ ಅದೇ ಖಾತೆಯಿಂದ ವಿಳಾಸ ಬದಲಾವಣೆ ಅನ್ನುವ ಸೇವೆ ಆರಿಸಿ, ಹೊಸ ಕರಾರು ಮತ್ತು ಹೊಸ ಫಾರಂ ಸಿ ಹಾಕಿ. ಇದನ್ನು ತಡಮಾಡಬೇಡಿ. ಬೆಂಗಳೂರಿನಲ್ಲಿ ಮನೆ ನೋಡುವಾಗಲೇ ಕರಾರು ಮತ್ತು ಫಾರಂ ಸಿ ಎರಡಕ್ಕೂ ಒಪ್ಪುತ್ತೀರಾ ಅಂತ ಮುಂಗಡ ಕೊಡುವ ಮುಂಚೆ ಕೇಳಿ. ಒಪ್ಪದವರ ಮನೆ ಎಷ್ಟೇ ಚೆನ್ನಾಗಿದ್ದರೂ ಬಿಟ್ಟುಬಿಡಿ.

ಒಂದು ವರ್ಷಕ್ಕಿಂತ ಜಾಸ್ತಿ ಇರುವ ಮನಸ್ಸಾದರೆ ವೀಸಾ ಮುಗಿಯಲು ಎರಡು ತಿಂಗಳು ಇರುವಾಗಲೇ ವಿಸ್ತರಣೆಗೆ ಅರ್ಜಿ ಹಾಕಿ.

ಗೋಕುಲಂ ಮನೆಯವರು

ಹಂಪಿ, ಉಡುಪಿಗೆಲ್ಲ ನೀವು ಏನೂ ಮಾಡಬೇಕಿಲ್ಲ. ಉಳಿದುಕೊಳ್ಳುವ ಹೋಟೆಲ್‌ನವರು ತಮ್ಮ ಖಾತೆಯಿಂದ ಫಾರಂ ಸಿ ಹಾಕುತ್ತಾರೆ. ನೋಂದಣಿ ವಿಳಾಸ ಸಾಗರದ್ದೇ ಇರುತ್ತದೆ. ಬುಕ್ ಮಾಡುವ ಮುಂಚೆ ಮಾತ್ರ ಫೋನ್ ಮಾಡಿ, ವಿದೇಶಿಯರಿಗೆ ರೂಮ್ ಕೊಡುತ್ತೀರಾ ಅಂತ ಕೇಳಿಕೊಳ್ಳಿ. ಫಾರಂ ಸಿ ಖಾತೆ ಇಲ್ಲದ ಸಣ್ಣ ಲಾಡ್ಜ್‌ಗಳವರು ರಾತ್ರಿ ಹೊತ್ತು ಬಾಗಿಲಲ್ಲಿ ಆಗುವುದಿಲ್ಲ ಅಂದುಬಿಡುತ್ತಾರೆ. ಪಾಸ್‌ಪೋರ್ಟ್ ಮೂಲಪ್ರತಿ ಜೊತೆಗಿರಲಿ, ಇ-ಮೇಲ್‌ಗೆ ಬಂದ ನೋಂದಣಿ ಪತ್ರದ ಪ್ರಿಂಟ್ ಕೂಡ.